ಬಾಯಿಯ ಮೂಲಕ ಇನ್ಸುಲಿನ್: ಕೈಟೋಸಾನ್ ನ್ಯಾನೋಕಣಗಳನ್ನು ತಯಾರಿಸಿ ಪರೀಕ್ಷಿಸುವ ಕ್ರಮ

ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯ ಬಂದರಿನಲ್ಲೋ ರಾಶಿ ಬೀಳುವ ಎಟ್ಟಿಯ, ಅಂದರೆ ಸೀಗಡಿಯ, ಸಿಪ್ಪೆಯಲ್ಲಿರುವ ಕೈಟಿನ್ ಅನ್ನು ಗಾಢ ಕ್ಷಾರದಲ್ಲಿ ಕಾಯಿಸಿ ಅಸಿಟೈಲ್ ಗುಂಪುಗಳನ್ನು ಕಳಚಿದರೆ ಕೈಟೋಸಾನ್ ಎಂಬ ಪಾಲಿಮರ್ ಸಿಗುತ್ತದೆ. ಮಣಿಪಾಲ, ದೇರಳಕಟ್ಟೆಯ ಕಡೆ ಎಂ.ಫಾರ್ಮ್ ಓದುತ್ತ, ಬಾಯಿಯ ಮೂಲಕ ಕೊಡುವ ಇನ್ಸುಲಿನನ್ನು ಈ ಪಾಲಿಮರಿನ ನ್ಯಾನೋಕಣಗಳಲ್ಲಿ ತುಂಬುವುದನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡವರಿಗಾಗಿ ಈ ಬರಹ. ಸಿಪ್ಪೆ ಕೈಗೆಟಕುವಷ್ಟು ಹತ್ತಿರದಲ್ಲಿದೆಯೆಂದು ಪಾಲಿಮರನ್ನು ನೀವೇ ತೆಗೆಯಲು ಹೊರಡಬೇಡಿ. ಅಣುತೂಕವೂ ಡಿಅಸಿಟೈಲೇಷನ್, ಅಂದರೆ ಅಸಿಟೈಲ್ ಕಳಚಿದ, ಪ್ರಮಾಣವೂ ನಮೂದಾಗಿರುವ ಪುಡಿಯನ್ನು ಕೊಂಡರೆ ಮಾತ್ರ ಇಂದಿನ ಫಲಿತಾಂಶ ಮುಂದಿನ ತಿಂಗಳೂ ಸಿಕ್ಕೀತು.

200 ಮಿಲಿಗ್ರಾಂ ಕೈಟೋಸಾನನ್ನು ಶೇ. 1ರ ಅಸಿಟಿಕ್ ಆಮ್ಲದ 100 ಮಿಲಿಲೀಟರಿನಲ್ಲಿ ರಾತ್ರಿಯಿಡೀ ಕಲಕಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಪಿಹೆಚ್ ಅನ್ನು 4.8ರ ಆಸುಪಾಸಿಗೆ ತಂದು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಇನ್ನೊಂದು ಬೀಕರಿನಲ್ಲಿ, ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಸೋಡಿಯಂ ಟ್ರೈಪಾಲಿಫಾಸ್ಫೇಟ್, ಅಂದರೆ ಟಿಪಿಪಿ, ದ್ರಾವಣ ಸಿದ್ಧವಿರಲಿ; 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿದ ಇನ್ಸುಲಿನನ್ನು ಇದಕ್ಕೇ ಸೇರಿಸಬೇಕು. ಕೈಟೋಸಾನಿನ 10 ಮಿಲಿಲೀಟರಿಗೆ 4 ಮಿಲಿಗ್ರಾಂ ಟಿಪಿಪಿ ಬೀಳುವಂತೆ, ಮ್ಯಾಗ್ನೆಟಿಕ್ ಸ್ಟರರಿನ ಮೇಲೆ, ಹನಿಹನಿಯಾಗಿ ಹಾಕಿ. ಧನ ವಿದ್ಯುದಂಶದ ಕೈಟೋಸಾನ್ ಎಳೆಗಳನ್ನು ಋಣ ವಿದ್ಯುದಂಶದ ಟಿಪಿಪಿ ಹೆಣೆಯುತ್ತ ಹೋದಂತೆ, ತಿಳಿಯಾಗಿದ್ದ ದ್ರಾವಣ ಗಂಜಿಯ ತಿಳಿಯಂತೆ ಮಸುಕಾಗಿ, ಬೆಳಕಿಗೆ ಹಿಡಿದಾಗ ತುಸು ನೀಲಿ ಛಾಯೆ ತೋರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅವಸರಪಟ್ಟು ಟಿಪಿಪಿಯನ್ನು ಒಮ್ಮೆಗೇ ಸುರಿದು, ಒಡೆದ ಹಾಲಿನಂಥ ಗರಣೆಗಳನ್ನು ನೋಡುತ್ತ ಕುಳಿತ ಸಂಜೆ ನನಗಿನ್ನೂ ನೆನಪಿದೆ.

ಗಾತ್ರ 100ರಿಂದ 300 ನ್ಯಾನೋಮೀಟರ್, ಕಣಗಳ ಗಾತ್ರ ಎಷ್ಟು ಏರುಪೇರಾಗಿದೆಯೆಂದು ಹೇಳುವ ಪಿಡಿಐ 0.3ಕ್ಕಿಂತ ಕಡಿಮೆ, ಕಣದ ಮೇಲ್ಮೈ ವಿದ್ಯುದಂಶವನ್ನು ಸೂಚಿಸುವ ಝೀಟಾ ಪೊಟೆನ್ಶಿಯಲ್ ಧನಾತ್ಮಕ ಎಂದು ಬಂದರೆ ಆ ಹಂತ ಮುಗಿಯಿತು. ಇಷ್ಟಕ್ಕೇ ಹಿಗ್ಗುವುದು ನಮ್ಮಲ್ಲಿ ರೂಢಿ. ನನ್ನ ಮಟ್ಟಿಗೆ ನಿಜವಾದ ಕೆಲಸ ಇಲ್ಲಿಂದಲೇ ಶುರು.

ಮೊದಲನೆಯ ಮೋಸ ಸೆಂಟ್ರಿಫ್ಯೂಜಿನಲ್ಲಿ ಆಗುತ್ತದೆ. ಮಿಶ್ರಣವನ್ನು ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸಿದ ಮೇಲೆ, ಮೇಲಿನ ತಿಳಿಯಲ್ಲಿ ಉಳಿದ ಇನ್ಸುಲಿನನ್ನು ಎಚ್‌ಪಿಎಲ್‌ಸಿ ಎಂಬ, ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣದಲ್ಲಿ ಅಳೆದು, ಹಾಕಿದ್ದರಲ್ಲಿ ಅದನ್ನು ಕಳೆದು, ಉಳಿದುದೆಲ್ಲ ಕಣದೊಳಗಿದೆಯೆಂದು ಲೆಕ್ಕ ಹಾಕುತ್ತೇವೆ. ಆದರೆ ಇನ್ಸುಲಿನಿನ ಸಮವಿದ್ಯುತ್ ಬಿಂದು, ಅಂದರೆ ಅದರ ಒಟ್ಟು ವಿದ್ಯುದಂಶ ಸೊನ್ನೆಯಾಗಿ ಅದು ಸುಲಭವಾಗಿ ಕರಗದೆ ಉಳಿಯುವ ಪಿಹೆಚ್, 5.3ರ ಸುಮಾರಿಗಿದ್ದು, ನಮ್ಮ ಮಿಶ್ರಣವೂ ಅದರ ಸಮೀಪಕ್ಕೇ ಬಂದು ನಿಲ್ಲುವುದರಿಂದ, ಕಣದೊಳಗೆ ಸೇರದ ಇನ್ಸುಲಿನ್ ಕೂಡ ತಾನಾಗಿ ಗಷ್ಟುಗಟ್ಟಿ ತಳಕ್ಕಿಳಿದು, ಕಣದೊಳಗೆ ಸೇರಿದ್ದರ ಶೇಕಡಾವಾರನ್ನು ಸುಳ್ಳೇ ಏರಿಸಬಹುದು. ಕೈಟೋಸಾನ್ ಇಲ್ಲದೆ, ಅದೇ ಪಿಹೆಚ್‌ನಲ್ಲಿ, ಅಷ್ಟೇ ಇನ್ಸುಲಿನ್ ಇಟ್ಟು ಒಂದು ಟ್ಯೂಬನ್ನು ಜೊತೆಗೇ ತಿರುಗಿಸಿದರೆ ಗುಟ್ಟು ಬಯಲಾಗುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಕೈಟೋಸಾನ್ ಆಮ್ಲದಲ್ಲಿ ಕರಗುವ ಪಾಲಿಮರ್, ಜಠರವೋ ಆಮ್ಲದ ಚೀಲ. ಆದ್ದರಿಂದ ಗಾತ್ರದ ಗ್ರಾಫ್ ಬರೆಯುವ ಮೊದಲೇ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಹೆಚ್ 1.2ರ ಕೃತಕ ಜಠರರಸದಲ್ಲಿ ಎರಡು ಗಂಟೆ ಇಟ್ಟು ನೋಡಿ. ಪೆಪ್ಸಿನ್ ಸೇರಿಸುವುದನ್ನು ಬಿಡಬೇಡಿ, ಏಕೆಂದರೆ ಜಠರದಲ್ಲಿ ಇನ್ಸುಲಿನನ್ನು ಕಡಿದುಹಾಕುವ ಕಿಣ್ವ ಮುಖ್ಯವಾಗಿ ಅದೇ. ದ್ರಾವಣದಲ್ಲಿದ್ದ ಮಸುಕು ಕೆಲವೇ ನಿಮಿಷಗಳಲ್ಲಿ ತಿಳಿಯಾಗಿಬಿಟ್ಟರೆ ಕಣಗಳು ಕರಗಿದವೆಂದೇ ಅರ್ಥ. ಆಗ ಒಣಗಿಸಿದ ಕಣಗಳನ್ನು ಪಿಹೆಚ್ 5.5ರ ಮೇಲಷ್ಟೇ ಕರಗುವ ಯೂಡ್ರಾಜಿಟ್ ಎಲ್ 100-55 ಎಂಬ ಪಾಲಿಮರ್ ಲೇಪಿಸಿದ ಕ್ಯಾಪ್ಸೂಲಿನಲ್ಲಿ ತುಂಬಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಬಳಿಕ ಪಿಹೆಚ್ 6.8ಕ್ಕೆ ದಾಟಿಸಬೇಕು. ಇನ್ಸುಲಿನ್ ಹೊರಬರುವ ವೇಗವನ್ನು ಅಳೆಯಲು ಸಣ್ಣ ರಂಧ್ರಗಳ ಡಯಾಲಿಸಿಸ್ ಚೀಲ ಬಳಸುವವರು ಬರಿಯ ಇನ್ಸುಲಿನ್ ತುಂಬಿದ ಚೀಲವೊಂದನ್ನೂ ಇಳಿಬಿಡಲಿ. ಬಿಡುಗಡೆ ನಿಧಾನವಾದದ್ದು ಕಣದಿಂದಲೋ ಚೀಲದಿಂದಲೋ ಎಂಬುದು ಇಲ್ಲವಾದರೆ ತಿಳಿಯದು.

ಕಣಗಳು ಕರುಳಿನ ಕೋಶಗಳ ಸಂದಿಯಲ್ಲಿ ನುಸುಳಿ ರಕ್ತಕ್ಕೆ ಸೇರುತ್ತವೆಂದು ವರದಿಯಲ್ಲಿ ಬರೆಯುವ ಮುನ್ನವೂ ಯೋಚಿಸಿ. ಕೈಟೋಸಾನ್ ಆ ಸಂದಿಗಳನ್ನು ತಾತ್ಕಾಲಿಕವಾಗಿ ಸಡಿಲಿಸುವುದು ನಿಜವಾದರೂ 200 ನ್ಯಾನೋಮೀಟರಿನ ಕಣಕ್ಕೆ ಆ ದಾರಿ ತೀರ ಕಿರಿದು. ಲೋಳೆಗೆ ಅಂಟಿಕೊಂಡು, ಕೋಶಗಳ ಹತ್ತಿರದಲ್ಲೇ ಇನ್ಸುಲಿನನ್ನು ಬಿಡುವುದೇ ಅದರ ಮುಖ್ಯ ಉಪಕಾರ.

ಕಣಗಳನ್ನು ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿ ಫ್ರೀಜ್ ಡ್ರೈ ಮಾಡಿದರೆ ಒಂದಕ್ಕೊಂದು ಅಂಟುವುದು ಕಡಿಮೆ. ಆದರೆ ನಮ್ಮ ಕರಾವಳಿಯ ಜುಲೈಯಲ್ಲಿ ಮುಚ್ಚಳ ತೆರೆದಿಟ್ಟ ಪುಡಿ ಚಹಾ ಕುಡಿದು ಬರುವಷ್ಟರಲ್ಲಿ ಜಿಗುಟಾಗಿರುತ್ತದೆ. ಸಣ್ಣ ಸಣ್ಣ ವಯಲ್‌ಗಳಲ್ಲಿ ಹಂಚಿ, ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿಟ್ಟು, ಒಮ್ಮೆಗೆ ಒಂದನ್ನೇ ತೆರೆಯಿರಿ. ನೀರಿನಲ್ಲಿ ಮತ್ತೆ ಕದಡಿದ ಮೇಲೆ ಗಾತ್ರವನ್ನು ಇನ್ನೊಮ್ಮೆ ಅಳೆದು, ಒಣಗಿಸುವ ಮೊದಲಿನ ಅಂಕಿಯ ಪಕ್ಕದಲ್ಲೇ ಬರೆದಿಡಿ.