ಮನೆಯ ಅಡುಗೆಯನ್ನು ಇನ್ನೊಂದು ಮನೆಗೆ ಬರೆದುಕೊಡುವ ಕ್ರಮ

ನಮ್ಮ ಮನೆಯ ಪತ್ರೊಡೆಯನ್ನು, ಅಂದರೆ ಕೆಸುವಿನ ಎಲೆಗೆ ಅಕ್ಕಿಯ ಹಿಟ್ಟು ಹಚ್ಚಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಡಿಯನ್ನು, ತಿಂದು ಮೆಚ್ಚಿಕೊಂಡ ನೆರೆಮನೆಯ ಅಕ್ಕ, ಧಾರವಾಡದ ಕಡೆಯವರು, ಅದನ್ನು ಮಾಡುವ ಬಗೆಯನ್ನು ಬರೆದುಕೊಡಲು ಕೇಳಿದರು. ನಾನು ಸಂತೋಷದಿಂದ ಒಂದು ಚೀಟಿ ಬರೆದೆ: "ಅಕ್ಕಿ 2 ಪಾವು, ಮೆಣಸು 10, ಹುಣಸೆಹುಳಿ ಸ್ವಲ್ಪ, ಬೆಲ್ಲ, ಉಪ್ಪು, ಕಾಯಿತುರಿ. ರುಬ್ಬಿ ಎಲೆಗೆ ಹಚ್ಚಿ, ಸುತ್ತಿ, ಬೇಯಿಸುವುದು." ಎರಡು ದಿನ ಕಳೆದು ಅವರು ಬಾಗಿಲು ತಟ್ಟಿ, "ಎಲ್ಲಾರಿಗೂ ಗಂಟಲಾ ಭಾಳ ಕೆರಿಯಾಕತ್ತೈತ್ರಿ, ಏನರ ತಪ್ಪಾತೇನ್ರಿ?" ಎಂದು ಕೇಳಿದಾಗ ನನಗೆ ಬಹಳ ನೋವಾಯಿತು. ಅವರು ತಪ್ಪು ಮಾಡಿರಲಿಲ್ಲ. ನನ್ನ "ಸ್ವಲ್ಪ" ಎಂದರೆ ದೊಡ್ಡ ನಿಂಬೆಹಣ್ಣಿನಷ್ಟು. ಅವರ "ಸ್ವಲ್ಪ" ಎಂದರೆ ಗೋಲಿಯಷ್ಟು. ನನ್ನ "ಬೇಯಿಸುವುದು" ಎಂದರೆ ಮುಕ್ಕಾಲು ಗಂಟೆ. ಅವರು ಇಡ್ಲಿಯ ಲೆಕ್ಕದಲ್ಲಿ 15 ನಿಮಿಷಕ್ಕೆ ಇಳಿಸಿದ್ದರು. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಗಂಟಲು ಕೆರೆಯುವುದು ಅವುಗಳಿಂದ, ಹುಳಿಯೂ ದೀರ್ಘವಾದ ಹಬೆಯೂ ಆ ತುರಿಕೆಯನ್ನು ತಗ್ಗಿಸುವುದಕ್ಕೆಂದೇ ಇವೆ ಎಂಬ ಮಾತು ನನ್ನ ಚೀಟಿಯಲ್ಲಿ ಇರಲೇ ಇಲ್ಲ.

ಅಂದಿನಿಂದ ಬೇರೆ ಸೀಮೆಯವರಿಗೆ ಅಡುಗೆಯ ಕ್ರಮ ಬರೆದುಕೊಡುವಾಗ ನಾನು ಅನುಸರಿಸುತ್ತಿರುವ ಪದ್ಧತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅಳತೆಯಷ್ಟೇ ಸಾಲದು, ಯಾವ ಪದಾರ್ಥ ಏಕೆ ಬೀಳುತ್ತದೆ, ಹದ ಬಂದದ್ದು ಹೇಗೆ ತಿಳಿಯುತ್ತದೆ ಎಂಬೆರಡೂ ಬರಹದಲ್ಲಿ ಇರಬೇಕು.

ಅಳತೆಯನ್ನು ಹಿಡಿಯುವ ಬಗೆ

ಹಿರಿಯರ ಅಡುಗೆಯನ್ನು ಬರೆದುಕೊಳ್ಳುವಾಗ "ಎಷ್ಟು ಹಾಕುತ್ತೀರಿ" ಎಂದು ಕೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವರ ಕೈಗೆ ಗೊತ್ತಿರುವುದು ಅವರ ಬಾಯಿಗೆ ಬರುವುದಿಲ್ಲ. ಅದಕ್ಕೊಂದು ಸುಲಭದ ಉಪಾಯವಿದೆ. ಒಂದು ಸಣ್ಣ ಡಿಜಿಟಲ್ ತಕ್ಕಡಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಅಡುಗೆ ಶುರುವಾಗುವ ಮೊದಲು ಉಪ್ಪಿನ ಡಬ್ಬಿ, ಬೆಲ್ಲದ ಡಬ್ಬಿ, ಹುಣಸೆಯ ಭರಣಿ, ಎಣ್ಣೆಯ ಪಾತ್ರೆ ಎಲ್ಲವನ್ನೂ ಒಂದೊಂದಾಗಿ ತೂಗಿ ಬರೆದಿಡಿ. ಅಜ್ಜಿಯೋ ಅತ್ತೆಯೋ ಎಂದಿನಂತೆ ಕೈಯಳತೆಯಲ್ಲಿ ಹಾಕಲಿ, ನಡುವೆ ತಡೆಯಬೇಡಿ. ಅಡುಗೆ ಮುಗಿದ ಮೇಲೆ ಅದೇ ಡಬ್ಬಿಗಳನ್ನು ಮತ್ತೆ ತೂಗಿದರೆ, ಮೊದಲಿನ ತೂಕಕ್ಕೂ ಈಗಿನ ತೂಕಕ್ಕೂ ಇರುವ ವ್ಯತ್ಯಾಸವೇ ಅವರ ಕೈಯಳತೆ. ನಮ್ಮ ಅತ್ತೆಯ "ಒಂದು ಚಿಟಿಕೆ" ಉಪ್ಪು 9 ಗ್ರಾಂ ಎಂದು ನನಗೆ ತಿಳಿದದ್ದು ಹೀಗೆಯೇ.

ತೂಕಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಪಾವು, ಸೇರು, ಚಟಾಕು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿವೆ. ಆದರೆ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ, ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ. 80 ತೊಲದ ಸೇರು ಸುಮಾರು 933 ಗ್ರಾಂ ತೂಗುತ್ತಿತ್ತು. 1956ರ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿ ಬಂದ ಮೇಲೂ ಅಡುಗೆಮನೆಯ ಹಿತ್ತಾಳೆಯ ಪಾವು ಬದಲಾಗಲಿಲ್ಲ, ಮತ್ತು ಅದು ಮನೆಯಿಂದ ಮನೆಗೆ ಒಂದೇ ಆಗಿಲ್ಲ. ಹಳೆಯ ಅಳತೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಪಾವಿನಲ್ಲಿ ಎಷ್ಟು ಅಕ್ಕಿ ಹಿಡಿಯುತ್ತದೆ ಎಂಬುದನ್ನು ಒಮ್ಮೆ ತೂಗಿ, ಪಕ್ಕದಲ್ಲಿ ಗ್ರಾಂ ಲೆಕ್ಕವನ್ನು ಬರೆದರೆ ಸಾಕು. ಹೊರದೇಶದ ಬಂಧುಗಳಿಗೆ ಬರೆಯುವಾಗ ಚಮಚವನ್ನೂ ನಂಬಬೇಡಿ. ಅಮೆರಿಕದ ದೊಡ್ಡ ಅಳತೆ ಚಮಚ ಸುಮಾರು 15 ಮಿಲಿ ಹಿಡಿದರೆ, ಆಸ್ಟ್ರೇಲಿಯಾದ್ದು 20 ಮಿಲಿ ಹಿಡಿಯುತ್ತದೆ. ಉಪ್ಪಿನ ವಿಷಯದಲ್ಲಿಯಂತೂ ಕಲ್ಲುಪ್ಪೋ ಪುಡಿಯುಪ್ಪೋ ಎಂದು ಬರೆಯಲೇಬೇಕು, ಏಕೆಂದರೆ ಒಂದೇ ಚಮಚದಲ್ಲಿ ಪುಡಿಯುಪ್ಪು ಹೆಚ್ಚು ತೂಗುತ್ತದೆ.

ಹೆಸರುಗಳ ಗೊಂದಲ

ಕನ್ನಡದೊಳಗೇ ಒಂದು ಪದಾರ್ಥಕ್ಕೆ ಮೂರು ಹೆಸರುಗಳಿವೆ, ಒಂದು ಹೆಸರಿಗೆ ಎರಡು ಪದಾರ್ಥಗಳೂ ಇವೆ. ನನ್ನ ಚೀಟಿಯ "ಮೆಣಸು 10" ಎಂಬುದನ್ನೇ ನೋಡಿ. ದಕ್ಷಿಣ ಕನ್ನಡದಲ್ಲಿ ಮೆಣಸು ಎಂದರೆ ಒಣಮೆಣಸಿನಕಾಯಿ. ಕರಿಯ ಕಾಳನ್ನು ನಾವು ಒಳ್ಳೆಮೆಣಸು ಎನ್ನುತ್ತೇವೆ. ಮೈಸೂರಿನವರಿಗೆ ಮೆಣಸು ಎಂದರೆ ಆ ಕರಿಯ ಕಾಳೇ. ಧಾರವಾಡದ ಶೇಂಗಾ ಬೆಂಗಳೂರಿನಲ್ಲಿ ಕಡಲೆಕಾಯಿ. ಅಲ್ಲಿಯ ಪುಠಾಣಿ ಇಲ್ಲಿಯ ಹುರಿಗಡಲೆ. ಅಲ್ಲಿಯ ಹವೀಜ ನಮ್ಮ ಕೊತ್ತಂಬರಿ ಬೀಜ. ಬರಿಯ "ಕೊತ್ತಂಬರಿ" ಎಂದು ಬರೆದರೆ ಓದುವವರು ಸೊಪ್ಪನ್ನು ತರುತ್ತಾರೆ. ಹಾಗೆಯೇ "ಅಕ್ಕಿ" ಎಂದರೆ ಸಾಲದು, ನೀರುದೋಸೆಗೆ ಬೆಳ್ತಿಗೆ ಅಕ್ಕಿ, ಅಂದರೆ ಕುದಿಸದೆ ಮಿಲ್ ಮಾಡಿದ ಅಕ್ಕಿ, ಎಂದು ಬಿಡಿಸಿ ಹೇಳಬೇಕು. "ಎಣ್ಣೆ" ಎಂದರೂ ಸಾಲದು, ಏಕೆಂದರೆ ಕರಾವಳಿಯವರು ತೆಂಗಿನೆಣ್ಣೆಯನ್ನೂ ಉತ್ತರ ಕರ್ನಾಟಕದವರು ಶೇಂಗಾ ಎಣ್ಣೆಯನ್ನೋ ಕುಸುಬೆ ಎಣ್ಣೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಓದುತ್ತಾರೆ. ಬಂಗಾಳಿ ಗೆಳತಿಯೊಬ್ಬರು ಮೀನಿನ ಅಡುಗೆಯನ್ನು ಬರೆದುಕೊಟ್ಟಾಗ, ಸಾಸಿವೆ ಎಣ್ಣೆ ಎಂದಷ್ಟೇ ಬರೆಯದೆ, ಅದನ್ನು ಸಣ್ಣಗೆ ಹೊಗೆಯಾಡುವವರೆಗೆ ಕಾಯಿಸಿ ಘಾಟು ಕಡಿಮೆಯಾದ ಮೇಲೆ ಮುಂದಿನದನ್ನು ಹಾಕಬೇಕೆಂದು ಸೇರಿಸಿದ್ದರು. ಆ ಒಂದು ಸಾಲು ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾಯಿಗಿಡುತ್ತಿರಲಿಲ್ಲ.

ಮೆಣಸಿನಕಾಯಿಗೆ ಜಾತಿಯನ್ನೂ ಬರೆಯಿರಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರ ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ದೊರೆತಿದೆ. 10 ಬ್ಯಾಡಗಿ ಎಂದು ಮನಸ್ಸಿನಲ್ಲಿಟ್ಟುಕೊಂಡು ಬರಿಯ 10 ಎಂದು ಬರೆದರೆ, ಗುಂಟೂರು ಮೆಣಸಿನಕಾಯಿ ಬಳಸುವ ಮನೆಯಲ್ಲಿ ಮಕ್ಕಳ ಕಣ್ಣಲ್ಲಿ ನೀರು ಬರುತ್ತದೆ.

ಹೊತ್ತಿಗಿಂತ ಹದ ಮುಖ್ಯ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುವುದರಿಂದ, ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಗ ಬೇಯುವ ಬೇಳೆ ಇಲ್ಲಿ ಇನ್ನಷ್ಟು ಹೊತ್ತು ಕೇಳುತ್ತದೆ. ಕುಕ್ಕರಿನ ವಿಷಲ್ ಲೆಕ್ಕವೂ ಒಲೆಯ ಉರಿ, ಪಾತ್ರೆಯ ಗಾತ್ರ, ತುಂಬಿದ ನೀರು ಇವುಗಳ ಮೇಲೆ ಬದಲಾಗುತ್ತದೆ. ಆದ್ದರಿಂದ ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಎಷ್ಟು ನಿಮಿಷ ಎಂದು ಬರೆಯುವುದು ಮೇಲು. ಇಡ್ಲಿ ಹಿಟ್ಟು ಕರಾವಳಿಯ ಸೆಕೆಯಲ್ಲಿ ಒಂದು ರಾತ್ರಿಯಲ್ಲಿ ಉಕ್ಕಿ ಬಂದರೆ, ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಗ್ಗೆಯೂ ಹಾಗೆಯೇ ಕುಳಿತಿರುತ್ತದೆ. ಇಂಥಲ್ಲಿ "8 ಗಂಟೆ" ಎಂದು ಬರೆಯುವುದಕ್ಕಿಂತ, ಹಿಟ್ಟು ಒಂದೂವರೆಯಿಂದ ಎರಡು ಪಟ್ಟು ಏರಿ, ಸೌಟಿನಿಂದ ಎತ್ತಿದಾಗ ಒಳಗೆಲ್ಲ ಗಾಳಿಗುಳ್ಳೆ ಕಾಣುವವರೆಗೆ ಎಂದು ಬರೆದರೆ ಎಲ್ಲ ಊರಿಗೂ ಸಲ್ಲುತ್ತದೆ.

ಹದವನ್ನು ಕಣ್ಣು, ಕಿವಿ, ಮೂಗು, ಕೈ ಈ ನಾಲ್ಕರ ಮೂಲಕವೂ ಹೇಳಬಹುದು. ನೀರುದೋಸೆಯ ಹಿಟ್ಟು ಮಜ್ಜಿಗೆಯಷ್ಟು ತೆಳು. ಕಾದ ಕಾವಲಿಗೆ ಹೊಯ್ದೊಡನೆ ಚೊಯ್ ಎಂದು ಸದ್ದಾಗಿ ತೂತು ಬೀಳಬೇಕು, ಸದ್ದು ಬಾರದಿದ್ದರೆ ಕಾವಲಿ ಕಾದಿಲ್ಲ. ಮುಚ್ಚಿ ಬೇಯಿಸಿದ ಮೇಲೆ ಅಂಚು ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಮಗುಚಬಾರದು.

ಜೋಳದ ರೊಟ್ಟಿಯನ್ನು ನನಗೆ ಕಲಿಸಿದವರು ಅದೇ ನೆರೆಮನೆಯ ಅಕ್ಕ. ಗೋಧಿಯ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲದಿರುವುದರಿಂದ, ಎಸರಿನ ನೀರು ಕುದಿಕುದಿಯಾಗಿರುವಾಗಲೇ ಹಿಟ್ಟಿಗೆ ಹಾಕಿ ಕಲಸಬೇಕು; ಆ ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಮೊದಲ ದಿನ ನಾನು ಚಪಾತಿಯ ಅಭ್ಯಾಸದಿಂದ ತಣ್ಣೀರು ಹಾಕಿದ್ದೆ, ರೊಟ್ಟಿ ಬಡಿಯುವಾಗಲೇ ಅಂಚೆಲ್ಲ ಬಿರಿಯಿತು. ಅಕ್ಕ ಆ ಹಿಟ್ಟನ್ನು ನನ್ನ ಬೆರಳುಗಳಿಗೆ ಕೊಟ್ಟು ಹಿಚುಕಲು ಹೇಳಿ, ತಾವು ಎಸರು ಹಾಕಿ ನಾದಿದ ಹಿಟ್ಟನ್ನು ಇನ್ನೊಂದು ಕೈಗೆ ಕೊಟ್ಟರು. ಒಂದು ಮರಳಿನಂತೆ ಉದುರಿತು, ಇನ್ನೊಂದು ಒತ್ತಿದ ಕಡೆ ಒತ್ತಿಸಿಕೊಂಡು ಅಂಟಿ ನಿಂತಿತು. ನಾನು ಅಂದು ಪುಸ್ತಕದಲ್ಲಿ ಬರೆದುಕೊಂಡದ್ದು ಅಳತೆಯನ್ನಲ್ಲ, ಆ ಎರಡು ಉಂಡೆಗಳ ವ್ಯತ್ಯಾಸವನ್ನು. ಹಿಟ್ಟು ಹಳತಾದರೆ ಎಸರು ಹಾಕಿದರೂ ಬಿರಿಯುತ್ತದೆ, ಆದ್ದರಿಂದ ಬೇಕಾದಷ್ಟೇ ಬೀಸಿಸಿಕೊಳ್ಳಬೇಕು ಎಂಬ ಮಾತನ್ನೂ ಅವರು ಸೇರಿಸಿದರು.

ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು

ಅಡುಗೆ ಕೈಯಿಂದ ಕೈಗೆ ಹೋದಂತೆ ಬದಲಾಗುವುದು ಸಹಜ, ಬದಲಾಗಲಿ ಎಂದೇ ನನ್ನ ಆಸೆ. ಆದರೆ ಬರೆದುಕೊಡುವವರು ಪ್ರತಿಯೊಂದು ಮುಖ್ಯ ಪದಾರ್ಥದ ಮುಂದೆ ಅದು ರುಚಿಗೋ, ಹದಕ್ಕೋ, ಆರೋಗ್ಯಕ್ಕೋ ಎಂದು ಗುರುತಿಸಬೇಕು. ರುಚಿಗೆ ಬಿದ್ದದ್ದನ್ನು ಓದುವವರು ತಮ್ಮ ಇಷ್ಟದಂತೆ ಏರಿಳಿಸಬಹುದು. ಹದಕ್ಕೆ ಬಿದ್ದದ್ದನ್ನು ಬದಲಿಸಿದರೆ ಅಡುಗೆ ಕೆಡಬಹುದು. ಆರೋಗ್ಯಕ್ಕೆ ಬಿದ್ದದ್ದನ್ನು ಮುಟ್ಟಲೇಬಾರದು. ಪತ್ರೊಡೆಯ ಹುಣಸೆ ಈ ಮೂರನೆಯದಕ್ಕೆ ಸೇರಿದ್ದು. ಮಲೆನಾಡು, ಕೊಡಗು, ತುಳುನಾಡಿನಲ್ಲಿ ಮಳೆಗಾಲದಲ್ಲಿ ಮಾಡುವ ಕಳಲೆಯೂ ಅಂಥದ್ದೇ. ಎಳೆಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕಿ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ಇದನ್ನು ಹುಟ್ಟಿನಿಂದ ನೋಡಿದವರು ಹೇಳಲು ಮರೆಯುತ್ತಾರೆ, ನೋಡದವರು ಊಹಿಸಲಾರರು. ಪಂಜಾಬಿ ರಾಜ್ಮಾವನ್ನು ಹೊರದೇಶದಲ್ಲಿರುವ ಮಗನಿಗೋ ಸೊಸೆಗೋ ಬರೆದುಕೊಡುವವರು, ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಚೆನ್ನಾಗಿ ಕುದಿಸಿಯೇ ಮುಂದುವರಿಯಬೇಕೆಂದು ತಪ್ಪದೆ ಬರೆಯಿರಿ. ನಮ್ಮ ಪ್ರೆಷರ್ ಕುಕ್ಕರಿನಲ್ಲಿ ತೊಂದರೆಯಿಲ್ಲ, ಆದರೆ ಸಣ್ಣ ಕಾವಿನ ಸ್ಲೋ ಕುಕ್ಕರಿಗೆ ನೇರವಾಗಿ ಹಾಕಿದರೆ ರಾಜ್ಮಾದ ಲೆಕ್ಟಿನ್ ಎಂಬ ವಿಷಾಂಶ ನಾಶವಾಗದೆ ವಾಂತಿಯಾಗುತ್ತದೆ.

ಇನ್ನು ಸಿಗದ ಪದಾರ್ಥದ ಮಾತು. ಕೊಡಗಿನ ಪಂದಿ ಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಬೀಳುವ ಕಾಚಂಪುಳಿ ಎಂಬ ಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ ಎಲ್ಲ ಊರಿನಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಬದಲಾಗಿ ಹುಣಸೆ ಹಾಕಬಹುದು, ಹೊಟ್ಟೆ ತುಂಬ ಊಟವೂ ಆಗುತ್ತದೆ, ಆದರೆ ಆ ಕಪ್ಪು ಬಣ್ಣ ಮತ್ತು ಆಳವಾದ ಹುಳಿ ಬರುವುದಿಲ್ಲ. ಹಾಗೆಂದು ಮೊದಲೇ ತಿಳಿಸಿ, ಹುಣಸೆ ಹಾಕಿ ಮಾಡಿದ್ದನ್ನು ಬಡಿಸುವಾಗಲೂ ಹಾಗೆಂದೇ ಹೇಳುವುದು ಕೊಡಗಿನ ಮನೆಯವರಿಗೆ ನಾವು ಸಲ್ಲಿಸುವ ಮರ್ಯಾದೆ ಎಂದು ನಾನು ಭಾವಿಸುತ್ತೇನೆ. ಯಾರಿಂದ ಕಲಿತೆವೋ ಅವರ ಊರನ್ನೂ ನೆಂಟಸ್ತಿಕೆಯನ್ನೂ ಪುಟದ ತಲೆಯಲ್ಲಿ ಬರೆಯುವುದೂ ಇದೇ ಕಾರಣಕ್ಕೆ.

ತಿನ್ನುವವರನ್ನು ನೆನೆದು ಬರೆಯಬೇಕಾದ ಮಾತೂ ಇದೆ. ಶೇಂಗಾ, ಎಳ್ಳು, ಗೋಡಂಬಿ, ಹಾಲು, ಗೋಧಿ ಇವು ಯಾರಿಗೆ ಒಗ್ಗುವುದಿಲ್ಲವೋ ನಮಗೆ ಗೊತ್ತಿರುವುದಿಲ್ಲ. ಆದ್ದರಿಂದ ಅವು ಪುಡಿಯಾಗಿ ಮಸಾಲೆಯೊಳಗೆ ಸೇರಿದ್ದರೂ ಹೆಸರು ಹೇಳಬೇಕು. ಅಂಗಡಿಯಲ್ಲಿ ಸಿಗುವ ಹಿಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಸೇರಿರುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಈರುಳ್ಳಿ, ಬೆಳ್ಳುಳ್ಳಿ ಬಿಡುವ ಮನೆಯವರಿಗೆ, ಅದನ್ನು ಬಿಟ್ಟರೆ ಅಡುಗೆ ನಿಲ್ಲುತ್ತದೆಯೇ ಎಂದು ಒಂದು ಸಾಲು ಬರೆದರೆ ಉಪಕಾರವಾಗುತ್ತದೆ.

ತಿದ್ದಿ ಬರೆದ ಪತ್ರೊಡೆ

ಈಗ ನನ್ನ ಪುಸ್ತಕದಲ್ಲಿ ಪತ್ರೊಡೆ ಹೀಗಿದೆ. ಬೆಳ್ತಿಗೆ ಅಕ್ಕಿ 400 ಗ್ರಾಂ, 3 ಗಂಟೆ ನೆನೆಸಿದ್ದು. ಬ್ಯಾಡಗಿ ಒಣಮೆಣಸಿನಕಾಯಿ 10, ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ರುಚಿಗೆ. ಕಾಯಿತುರಿ 100 ಗ್ರಾಂ. ಹದಕ್ಕೆ ಮತ್ತು ರುಚಿಗೆ. ಬೀಜ ತೆಗೆದ ಹುಣಸೆಹುಳಿ 50 ಗ್ರಾಂ. ಆರೋಗ್ಯಕ್ಕೆ, ಕಡಿಮೆ ಮಾಡಬಾರದು, ಹುಳಿ ಹೆಚ್ಚೆನಿಸಿದರೆ ಬೆಲ್ಲವನ್ನು ಏರಿಸಬೇಕು. ಬೆಲ್ಲ 40 ಗ್ರಾಂ, ಪುಡಿಯುಪ್ಪು 2 ಸಣ್ಣ ಚಮಚ. ಮಸಾಲೆಯನ್ನು ನುಣ್ಣಗೆ ರುಬ್ಬಿ, ಕೊನೆಗೆ ಅಕ್ಕಿಯನ್ನು ಸಣ್ಣ ರವೆಯಷ್ಟು ತರಿಯಾಗಿ ರುಬ್ಬಬೇಕು. ಎಲೆಗೆ ಹಚ್ಚಿ ಓರೆಯಾಗಿ ಹಿಡಿದರೆ ಹಿಟ್ಟು ಜಾರಬಾರದು. ಎಲೆಗಳು 15ರಿಂದ 20, ದಂಟನ್ನು ತೆಗೆದು, ಬೆನ್ನಿನ ದಪ್ಪ ನಾರನ್ನು ಚಾಕುವಿನಿಂದ ಸವರಿದ್ದು. ಕೈ ತುರಿಸದಂತೆ ಮೊದಲೇ ಎಣ್ಣೆ ಹಚ್ಚಿಕೊಳ್ಳಬೇಕು. ದೊಡ್ಡ ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಹೀಗೆ ನಾಲ್ಕೈದು ಪದರವಾದ ಮೇಲೆ ಎರಡೂ ಬದಿ ಮಡಚಿ ಬಿಗಿಯಾಗಿ ಸುತ್ತಬೇಕು. ನೀರು ಕುದಿದ ಮೇಲೆ ಇಟ್ಟು 45 ನಿಮಿಷ ಹಬೆಯಲ್ಲಿ ಬೇಯಿಸಿ, ಎಲೆಯ ಹಸಿರು ಪೂರ್ತಿ ಮಂಕಾಗಿ, ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ. ತಣಿದ ಮೇಲೆ ಬಿಲ್ಲೆಯಾಗಿ ಹೆಚ್ಚಿ ತೆಂಗಿನೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸುವುದು. ಬೇರೆ ಎಣ್ಣೆಯೂ ಆದೀತು. ಮೊದಲ ಸಲ ಮಾಡುವವರು ಒಂದು ಸಣ್ಣ ತುಂಡನ್ನು ತಾವು ತಿಂದು, ಕಾಲು ಗಂಟೆ ಕಾದು, ಗಂಟಲು ಕೆರೆಯದಿದ್ದರೆ ಮಾತ್ರ ಮಕ್ಕಳಿಗೆ ಕೊಡಬೇಕು.

ಹೀಗೆ ಬರೆದಾದ ಮೇಲೆ ಪರೀಕ್ಷೆ ಇನ್ನೂ ಉಳಿದಿರುತ್ತದೆ. ಆ ಅಡುಗೆಯನ್ನು ಎಂದೂ ತಿನ್ನದ ಒಬ್ಬರಿಗೆ ಪುಟವನ್ನು ಕೊಟ್ಟು, ಅವರ ಅಡುಗೆಮನೆಯಲ್ಲಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡದೆ, ಮಾಡಿಸಿ ನೋಡಿ. ಅವರು ಫೋನ್ ಮಾಡಿ ಕೇಳುವ ಒಂದೊಂದು ಪ್ರಶ್ನೆಯೂ ಪುಟದಲ್ಲಿ ಬಿಟ್ಟುಹೋದ ಒಂದು ಸಾಲು. ಉತ್ತರವನ್ನು ಅವರಿಗೆ ಹೇಳಿ, ಪುಟದಲ್ಲಿಯೂ ಬರೆದುಬಿಡಿ. ಪಡೆದುಕೊಳ್ಳುವವರ ಕಡೆಯಿಂದಲೂ ಒಂದು ಶಿಸ್ತು ಬೇಕು. ಮೊದಲ ಸಲ ಬರೆದಂತೆಯೇ ಮಾಡಿ, ಎರಡನೆಯ ಸಲದಿಂದ ನಿಮ್ಮ ನಾಲಿಗೆಗೆ ಬೇಕಾದಂತೆ ತಿದ್ದಿ, ಒಂದು ಸಲಕ್ಕೆ ಒಂದನ್ನೇ ತಿದ್ದಿ, ಆಗ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯುತ್ತದೆ.

ಪ್ರತಿ ಪುಟದ ಕೆಳಗೆ ಮೂರನೇ ಒಂದು ಭಾಗವನ್ನು ನಾನು ಖಾಲಿ ಬಿಡುತ್ತೇನೆ, ಮಾಡಿದವರು ತಮ್ಮ ಕೈಯಿಂದ ಬರೆಯಲೆಂದು. ಮುಂದಿನ ಆಷಾಢದಲ್ಲಿ ಅಕ್ಕ ತಾವೇ ಮಾಡಿದ ಪತ್ರೊಡೆಯನ್ನು ಶೇಂಗಾ ಚಟ್ನಿಯ ಜೊತೆ ತಂದುಕೊಟ್ಟು, ನನ್ನ ಪುಸ್ತಕವನ್ನು ಕೇಳಿ ಪಡೆದು, ಆ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: "ಹುಣಸಿಹಣ್ಣು ಕಡಿಮಿ ಮಾಡಬ್ಯಾಡ್ರಿ. ನಾವು ಮಾಡಿ ನೋಡೇವಿ."