ರಕ್ತನಾಳದ ಗಾಯ: ದೇಹಕ್ಕೆ ಬಿಡಬಹುದಾದದ್ದು, ಬಿಡಬಾರದ್ದು

ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್ ಆದ ನನ್ನನ್ನು ರೋಗಿಗಳ ಮನೆಯವರು ತಪ್ಪದೆ ಕೇಳುವುದು ಇದನ್ನೇ: "ಸಿಸ್ಟರ್, ಆಪರೇಷನ್ ಇಲ್ಲದೆ ತಾನಾಗಿಯೇ ಕೂಡಿಕೊಳ್ಳುವುದಿಲ್ಲವೇ?"

ಸಣ್ಣ ನಾಳವಾದರೆ ಕೂಡಿಕೊಳ್ಳುತ್ತದೆ. ಪೆಟ್ಟು ಬಿದ್ದೊಡನೆ ನಾಳ ಕುಗ್ಗುತ್ತದೆ, ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಬಿರುಕಿಗೆ ಅಂಟುತ್ತವೆ, ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಅವನ್ನು ಬಿಗಿಯುತ್ತವೆ. ಆಮೇಲೆ ಒಳಪದರದ ಜೀವಕೋಶಗಳು ಅಂಚಿನಿಂದ ಬೆಳೆದು ಗಾಯ ಮುಚ್ಚುತ್ತವೆ. ಆದರೆ ತೊಡೆಯ ಅಥವಾ ತೋಳಿನ ದೊಡ್ಡ ಅಪಧಮನಿಯಲ್ಲಿ (ಹೃದಯದಿಂದ ರಕ್ತ ಒಯ್ಯುವ ನಾಳದಲ್ಲಿ) ಒತ್ತಡ ಹೆಚ್ಚು. ಅಲ್ಲಿ ಈ ವ್ಯವಸ್ಥೆಯನ್ನು ನಂಬಿ ಕೂರುವಂತಿಲ್ಲ. ವಿಚಿತ್ರವೆಂದರೆ, ಪೂರ್ತಿ ತುಂಡಾದದ್ದಕ್ಕಿಂತ ಅರ್ಧ ಸೀಳಿದ ಅಪಧಮನಿಯೇ ಹೆಚ್ಚು ಹೊತ್ತು ರಕ್ತ ಸುರಿಸಬಹುದು. ತುಂಡಾದದ್ದು ಒಳಸರಿದು ಬಾಯಿ ಬಿಗಿದುಕೊಳ್ಳುತ್ತದೆ, ಅರ್ಧ ಸೀಳಿದ್ದಕ್ಕೆ ಅದು ಸಾಧ್ಯವಿಲ್ಲ.

ಹಾಗಾಗಿ ರಕ್ತ ಚಿಮ್ಮುತ್ತಿದ್ದರೆ ಆಂಬುಲೆನ್ಸ್‌ಗೆ ಹೇಳಿ ಕಳಿಸಿ, ಶುಭ್ರವಾದ ಬಟ್ಟೆಯಿಟ್ಟು ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ಎತ್ತಿ ಎತ್ತಿ ನೋಡಬೇಡಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲು ತಪ್ಪಿಸಿ, ಅಗಲವಾದ ಪಟ್ಟಿಯನ್ನು ಬಿಗಿದು ಕಟ್ಟಿ, ಕಟ್ಟಿದ ಸಮಯ ಬರೆದಿಡಿ. ಬಿಚ್ಚುವುದು ವೈದ್ಯರ ಕೆಲಸ.

ಹೊರಗೆ ರಕ್ತ ಕಾಣದಿದ್ದರೂ ಪಾದ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ಅದೂ ಅಷ್ಟೇ ತುರ್ತು. ರಕ್ತ ಹರಿಯದ ಕಾಲಿನ ಸ್ನಾಯು ಸುಮಾರು 6 ಗಂಟೆಗಳಲ್ಲಿ ಶಾಶ್ವತವಾಗಿ ಹಾಳಾಗಬಹುದು. ನಾಡಿ ಸಿಗುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ. ಅಪಧಮನಿಗೆ ಪೆಟ್ಟಾಗಿಯೂ ನಾಡಿ ಮಿಡಿಯುವುದುಂಟು.

ಒಳಪದರದ ಚಿಕ್ಕ ಸೀಳನ್ನು ವೈದ್ಯರೇ ಕೆಲವೊಮ್ಮೆ ಹೊಲಿಯದೆ ಬಿಡುತ್ತಾರೆ. ಆದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ನೋವಿಲ್ಲವೆಂದು ಆ ತಾರೀಖು ತಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕಾಲಿನ ನಾಳ ಹೊಲಿಸಿಕೊಂಡು ಮನೆಗೆ ಬಂದ ಮೇಲೆ ಬೆಳಿಗ್ಗೆ, ಸಂಜೆ ಎರಡೂ ಪಾದಗಳನ್ನು ಮುಟ್ಟಿ ಹೋಲಿಸಿ. ಬಿಸಿ, ಬಣ್ಣ, ಸ್ಪರ್ಶ ಮೂರನ್ನೂ ನೋಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಬೀಡಿ, ಸಿಗರೇಟು ನಾಳವನ್ನು ಕುಗ್ಗಿಸುತ್ತವೆ, ಬಿಡಲೇಬೇಕು. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಎಣ್ಣೆ ಹಚ್ಚಿ ನೀವಲು ಬರುವ ಹಿತೈಷಿಗಳನ್ನು ಬಾಗಿಲಲ್ಲೇ ತಡೆಯಿರಿ: ಒಳಗಿರುವ ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಕಾಲು ಊದಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ವಾರಗಳ ನಂತರ ಗಾಯದ ಬಳಿ ಮಿಡಿಯುವ ಗಂಟು ಕಂಡರೂ ಅಷ್ಟೇ. ಅದನ್ನು ಒತ್ತಿ ನೋಡುತ್ತ ಕೂರಬೇಡಿ.