ಭೂಕಂಪದಲ್ಲಿ ಒಡೆದ ಮನೆ ಕೆಡವುವುದು: ಮೊದಲು ಮಾಳಿಗೆಯ ಮಣ್ಣು, ಕೊನೆಗೆ ಜೆಸಿಬಿ

ಕಂಪನ ಆದ ಮರುದಿನ ಓಣಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಜೆಸಿಬಿ ಯಾವಾಗ ಬರುತ್ತದೆ? ದಯವಿಟ್ಟು ಅವಸರ ಮಾಡಬೇಡಿ. ನೆಲ ನಡುಗಿದಾಗಲೂ ಬೀಳದೆ ನಿಂತ ಗೋಡೆ, ಯಂತ್ರ ತಾಗಿಸಿದ ಕೂಡಲೇ ಪಕ್ಕದ ಮನೆಯವರ ಮೇಲೆ ಬೀಳಬಹುದು.

ನಮ್ಮ ಕಲಬುರಗಿ ಭಾಗಕ್ಕೆ ಇದು ಹೊಸ ಭಯವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಅದು ನಮ್ಮ ಆಳಂದಕ್ಕೆ, ಬಸವಕಲ್ಯಾಣಕ್ಕೆ ಏನೂ ದೂರವಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಕಂಪನ ಆಗಿ, ಅದರಲ್ಲಿ ಒಂದು 4.1 ತೀವ್ರತೆ ಮುಟ್ಟಿ, ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದರು. ಕಿಲ್ಲಾರಿ ಭೂಕಂಪದಲ್ಲಿ ಸುಮಾರು 10,000 ಜನ ಸತ್ತರು. ಹೆಚ್ಚಿನವರ ಮೇಲೆ ಬಿದ್ದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣು ಹೇರಿದ ಮಾಳಿಗೆ, ಅಂದರೆ ಚಾವಣಿ. ಕಲಬುರಗಿಯ ಹಳೆ ಓಣಿಗಳಲ್ಲಿ ಇವತ್ತಿಗೂ ಅಂಥದೇ ಮನೆಗಳಿವೆ, ಅಲ್ವಾ? ಅದಕ್ಕೇ ಇಲ್ಲಿ ಆ ಮನೆಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಮೊದಲಿಗೆ, ಯಾರಾದರೂ ಕಾಣೆಯಾಗಿದ್ದರೆ ಆ ಮನೆಯಲ್ಲಿ ಕೆಡವುವ ಮಾತೇ ಇಲ್ಲ. 112ಕ್ಕೆ ಫೋನ್ ಮಾಡಿ. ಹುಡುಕುವವರು ಒಳಗೆ ಯಾರೂ ಇಲ್ಲ ಅಂತ ಖಚಿತವಾಗಿ ಹೇಳುವವರೆಗೂ ಯಂತ್ರ ದೂರ ಇರಲಿ. ಮರುಕಂಪನವನ್ನೂ ಮರೆಯಬೇಡಿ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ದೊಡ್ಡ ಭೂಕಂಪ ಆಗಿ, 17 ದಿನದ ಮೇಲೆ ಮೇ 12ರಂದು ಮತ್ತೆ 7.3 ತೀವ್ರತೆಯದ್ದು ಬಂತು. ಮೊದಲ ಸಲ ಬಿರುಕು ಬಿಟ್ಟ ಕಟ್ಟಡಗಳಲ್ಲಿ ಎಷ್ಟೋ ಆಗ ಬಿದ್ದವು.

ಇನ್ನು ಒಡೆದದ್ದೆಲ್ಲ ಕೆಡವಬೇಕು ಅಂತಿಲ್ಲ. ಗಿಲಾವು ಉದುರಿದ್ದರೆ, ಕೂದಲೆಳೆಯಷ್ಟು ಬಿರುಕಿದ್ದರೆ ರಿಪೇರಿ ಆಗುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಯಲ್ಲಿ ಎರಡು ಗೋಡೆ ಬೇರೆಯಾಗಿದ್ದರೆ, ತೊಲೆ ತನ್ನ ಜಾಗದಿಂದ ಜಾರಿದ್ದರೆ ಅದು ಬೇರೆ ವಿಷಯ. ಯಾವುದು ಯಾವುದು ಅಂತ ಎಂಜಿನಿಯರ್ ಬಂದು ನೋಡಿ ಹೇಳಬೇಕು, ಓಣಿಯ ಹಿರಿಯರಲ್ಲ, ನಾನೂ ಅಲ್ಲ. ಪಾಲಿಕೆಯಿಂದ ಬರಹದಲ್ಲಿ ಆದೇಶ ಇರಲಿ. ಪಂಚನಾಮೆ ಆಗದೆ ಒಂದು ಕಲ್ಲನ್ನೂ ಕದಲಿಸಬೇಡಿ. ಮನೆಯವರು ಹೊರಗೆ ನಿಂತೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಲಿ. ನೆಲಸಮ ಆದ ಮೇಲೆ ಪರಿಹಾರ ಕೇಳಲು ಹೋದರೆ ತೋರಿಸಲು ಏನೂ ಉಳಿಯುವುದಿಲ್ಲ.

ಆಮೇಲೆ ಕರೆಂಟ್. ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೆ ಸಾಲದು, ಜೆಸ್ಕಾಂನವರು ಕಂಬದಲ್ಲೇ ಲೈನ್ ತೆಗೆಯಬೇಕು, 1912ಕ್ಕೆ ಹೇಳಿ. ಗ್ಯಾಸ್ ವಾಸನೆ ಬಂದರೆ 1906. ನಲ್ಲಿ ನೀರು ಬಂದ್ ಮಾಡಿಸಿ. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ಹಗ್ಗ ಕಟ್ಟಿ. ಓಣಿ ಅಷ್ಟು ಅಗಲ ಇರುವುದಿಲ್ಲ, ಗೊತ್ತು. ಹಾಗಾಗಿ ಎದುರು ಮನೆಯವರನ್ನೂ ಆ ದಿನ ಹೊರಗೆ ಕಳಿಸಲೇಬೇಕು, ಎಷ್ಟೇ ಬೇಜಾರು ಮಾಡಿಕೊಂಡರೂ.

ಈಗ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಿರಲಿ ಅಂತ ಅಜ್ಜನ ಕಾಲದಿಂದ ಮೇಲೆ ಮಣ್ಣು ಹಾಕುತ್ತಲೇ ಬಂದಿರುತ್ತೇವೆ. 10 ಅಡಿ ಚೌಕದ ಕೋಣೆಯ ಮೇಲೆ ಒಂದು ಅಡಿ ಮಣ್ಣು ಇದ್ದರೆ ಅದೇ 4 ಟನ್‌ಗಿಂತ ಜಾಸ್ತಿ. ಮೊದಲು ಇಳಿಯಬೇಕಾದದ್ದು ಈ ಭಾರ. ಕಟ್ಟುವಾಗ ಪಾಯದಿಂದ ಮೇಲಕ್ಕೆ ಹೋದೆವು, ಕೆಡವುವಾಗ ಮಾಳಿಗೆಯಿಂದ ಕೆಳಕ್ಕೆ ಬರಬೇಕು. ತೊಲೆಗಳು ಗಟ್ಟಿ ಇವೆ ಅಂತ ಎಂಜಿನಿಯರ್ ಹೇಳಿದರೆ ಮಾತ್ರ ಕೆಳಗೆ ಬಲ್ಲಿ (ಆಸರೆಯ ಮರದ ಕಂಬ) ಕೊಟ್ಟು ಕೆಲಸ ಶುರು ಮಾಡಿ. ಗೌಂಡಿಗಳು ಮಣ್ಣಿನ ಮೇಲೆ ನೇರವಾಗಿ ನಿಲ್ಲಬಾರದು, ಬೇರೆಯಾಗಿ ಕಟ್ಟಿದ ಅಟ್ಟಣಿಗೆ ಮೇಲೆ ನಿಲ್ಲಬೇಕು, ಸೊಂಟದ ಬೆಲ್ಟಿನ ಹಗ್ಗವನ್ನು ಆ ಮನೆಗೆ ಕಟ್ಟಬಾರದು. ಪುಟ್ಟಿಯಲ್ಲಿ ಸಮನಾಗಿ ಮಣ್ಣು ತೆಗೆಯುತ್ತಾ ಬನ್ನಿ, ಒಂದೇ ಕಡೆ ಗುಡ್ಡೆ ಹಾಕಬೇಡಿ. ಕೆಳಗೆ ಹಾಕಿದ ಮಣ್ಣು ಗೋಡೆಗೆ ಒರಗಿ ಕೂತರೆ ಅದೇ ಗೋಡೆಯನ್ನು ತಳ್ಳುತ್ತದೆ, ಆಗಾಗ ಸಾಗಿಸುತ್ತಿರಿ. ತೊಲೆ ಆಗಲೇ ಕುಸಿದಿದ್ದರೆ ಒಳಗೂ ಬೇಡ, ಮೇಲೂ ಬೇಡ. ಉದ್ದ ತೋಳಿನ ಯಂತ್ರದಿಂದ ಹೊರಗಿನಿಂದಲೇ ಆಗಬೇಕು.

ಜಂತಿಗಳ ವಿಷಯದಲ್ಲಿ ಒಂದು ಮಾತು. ಹಳೆ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುತ್ತದೆ. ನಿಮ್ಮ ಜಂತಿಯ ತುದಿ ಅದರೊಳಗೆ ಕೂತಿರುತ್ತದೆ. ಅದನ್ನು ಸುಮ್ನೆ ಜಗ್ಗಿ ಎಳೆದರೆ ಪಕ್ಕದವರ ಗೋಡೆ ಸಮೇತ ಬರುತ್ತದೆ. ಗರಗಸದಿಂದ ಕೊಯ್ದು ತುದಿಯನ್ನು ಗೋಡೆಯಲ್ಲೇ ಬಿಟ್ಟುಬಿಡಿ.

ಮಾಳಿಗೆ ಇಳಿದ ಮೇಲೆ ಗೋಡೆಗೆ ಮೇಲಿನ ಹಿಡಿತ ಇರುವುದಿಲ್ಲ. ನಮ್ಮ ದಪ್ಪ ಗೋಡೆ ಒಂದೇ ಗೋಡೆಯಂತೆ ಕಂಡರೂ, ಒಳಗೊಂದು ಹೊರಗೊಂದು ಪದರ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿಯುವ ಅಡ್ಡಗಲ್ಲು ಇಲ್ಲದಿದ್ದರೆ ಹೊರ ಪದರ ಒಮ್ಮೆಲೇ ಕಳಚಿ ಬೀಳುತ್ತದೆ. ಅದಕ್ಕೆ ಮೇಲಿನ ಸಾಲಿನಿಂದ ಒಂದೊಂದೇ ಸಾಲು ಇಳಿಸಿ, ಬುಡದಲ್ಲಿ ಹಾರೆ ಹಾಕಬೇಡಿ. ಅವತ್ತೇ ಎದೆ ಮಟ್ಟಕ್ಕೆ ಇಳಿಸಿ. ಆಗದಿದ್ದರೆ ಬಲ್ಲಿಯ ಆಸರೆ ಕೊಟ್ಟು, ರಾತ್ರಿ ಕಾವಲು ಇಡಿ, ಮಕ್ಕಳು ಆಡಲು ಬರುತ್ತಾರೆ. ಜೆಸಿಬಿ ಬರಬೇಕಾದದ್ದು ಈಗ.

ಕಂಬಗಳ ಮೇಲೆ ನಿಂತ ಅಪಾರ್ಟ್‌ಮೆಂಟ್ ವಾಲಿದ್ದರೆ ಇದ್ಯಾವುದೂ ಅನ್ವಯಿಸುವುದಿಲ್ಲ. 2001ರಲ್ಲಿ ಭುಜ್ ಕಡೆ ಭೂಕಂಪ ಆದಾಗ 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲೂ ಕೆಳಗೆ ಪಾರ್ಕಿಂಗ್ ಬಿಟ್ಟ ಎಷ್ಟೋ ಕಟ್ಟಡಗಳು ಕುಸಿದವು. ಅಂಥದ್ದನ್ನು ಓಣಿಯ ಗುತ್ತಿಗೆದಾರ ಮುಟ್ಟಲೇಬಾರದು.

ಧೂಳಿಗೆ ನೀರು ಚಿಮುಕಿಸುತ್ತಿರಿ, ಆದರೆ ಮಣ್ಣಿನ ಗೋಡೆ ನೆನೆಯುವಷ್ಟು ಬೇಡ, ನೆಂದರೆ ಅದು ಇನ್ನೂ ಸಡಿಲ ಆಗುತ್ತದೆ. ಎಲ್ಲರಿಗೂ ಹೆಲ್ಮೆಟ್, ಮಾಸ್ಕ್. ಬೇಸಿಗೆಯಾದರೆ ಬೆಳಿಗ್ಗೆ 6ರಿಂದ 11ರವರೆಗೆ ಸಾಕು, ನಮ್ಮ ಬಿಸಿಲಲ್ಲಿ ತಲೆ ತಿರುಗಿದವನು ಅಟ್ಟಣಿಗೆ ಮೇಲೆ ಇರಬಾರದು. ಹಳೆ ಸಿಮೆಂಟ್ ಶೀಟ್‌ಗಳನ್ನು ಒಡೆಯದೆ, ನೀರು ಹಾಕಿ ಇಡಿಯಾಗಿ ಇಳಿಸಿ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಶಹಾಬಾದ್ ಫರ್ಸಿ, ಸಾಗವಾನಿ ತೊಲೆ, ಬಾಗಿಲ ಚೌಕಟ್ಟು ಇವೆಲ್ಲ ಮತ್ತೆ ಬಳಕೆಗೆ ಬರುತ್ತವೆ. ಅವನ್ನು ಬೇರೆ ಇಡಿ, ಮನೆಯವರಿಗೇ ಕೊಡಿ. ಅವರು ಹಗ್ಗದಾಚೆ ನಿಂತಿರಲಿ. ಟ್ರಂಕು, ಪಹಣಿ ಕಾಗದ, ದೇವರ ಫೋಟೊ ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸಿ ಅವರ ಕೈಗೆ ಕೊಡಿ. ಉಳಿದ ಮಣ್ಣು ಕಲ್ಲು ಪಾಲಿಕೆ ತೋರಿಸಿದ ಜಾಗಕ್ಕೇ ಹೋಗಲಿ, ನಾಲೆಗೂ ಬೇಡ, ಶರಣಬಸವೇಶ್ವರ ಕೆರೆ ದಂಡೆಗೂ ಬೇಡ.

ಜೆಸಿಬಿ ಅಂಗಳಕ್ಕೆ ಇಳಿಯುವ ಮುಂಚೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ: ಇಲ್ಲಿ ಹಗೇವು (ಕಾಳು ತುಂಬುವ ನೆಲಗುಂಡಿ) ಇತ್ತೇ? ಮುಚ್ಚಿದ ಬಾವಿ ಇದೆಯೇ? ಜೋಳ ತುಂಬುತ್ತಿದ್ದ ಹಳೆ ಹಗೇವಿನ ಬಾಯಿ ಒಂದು ಫರ್ಸಿಯಡಿ ಮುಚ್ಚಿಹೋಗಿರುತ್ತದೆ, ಗಾಲಿ ಹತ್ತಿದರೆ ಯಂತ್ರವೇ ಒಳಗೆ ಕುಸಿಯುತ್ತದೆ. ಅವರು ತೋರಿಸಿದ ಜಾಗದಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ, ಡ್ರೈವರ್‌ಗೆ ಕರೆದು ತೋರಿಸಿ.